ಒಂದೇ ಒಡಲು, ಹಲವು ಅವತಾರ: ಆವಡಿಯ ಉಕ್ಕಿನ ರಥಗಳ ವಿಚಾರ

ಕಳೆದ ಭಾನುವಾರ ಮಧ್ಯಾಹ್ನ, ಊಟದ ಸಂದಣಿ ಕರಗುವ ಹೊತ್ತಿಗೆ, ನಮ್ಮ ಕಾರ್ಯಾಲಯಕ್ಕೆ ಇಬ್ಬರು ಬಂದರು. ಒಬ್ಬರು ಕುಂದಾಪುರದ ಕಡೆಯವರು. ಇಪ್ಪತ್ತೈದು ವರ್ಷಗಳಿಂದ ಈ ಪಟ್ಟಣದ ಹೋಟೆಲುಗಳಲ್ಲಿ ಅಡಿಗೆ ಭಟ್ಟರಾಗಿ ದುಡಿಯುತ್ತಿರುವವರು. ನಾವು ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಮ್ಮ ದೋಸೆ ಕಾವಲಿಯ ಮುಂದೆ ನಿಂತಿದ್ದವರು. ಇನ್ನೊಬ್ಬನು ಅವರ ಮಗ. ಹತ್ತನೆಯ ತರಗತಿಯನ್ನು ಮುಗಿಸಿ ಮುಂದೇನೆಂದು ಕಾಯುತ್ತಿರುವ ಹುಡುಗ.

ಭಟ್ಟರು ಮಗನ ಕೈಯಿಂದ ನೋಟುಪುಸ್ತಕವೊಂದನ್ನು ಕಸಿದು ನಮ್ಮ ಮೇಜಿನ ಮೇಲಿರಿಸಿದರು. "ಧಣಿಗಳೇ, ಇದನ್ನೊಮ್ಮೆ ನೋಡಿ. ಗಲ್ಲಾದಲ್ಲಿ ಕೂತು ಲೆಕ್ಕ ಕಲಿ ಎಂದರೆ ಇವನು ಇಂಥಾದ್ದನ್ನು ಬರೆಯುತ್ತಾ ಕೂತಿದ್ದಾನೆ. ನೀವಾದರೂ ಬುದ್ಧಿ ಹೇಳಿ" ಎಂದರು.

ನೋಡಿದೆವು. ಹುಡುಗನು ಒಂದು ಯುದ್ಧದ ಗಾಡಿಯನ್ನು ಬರೆದಿದ್ದನು. ಮೊದಲನೆಯ ಪುಟದಲ್ಲಿ ಅದು ಹೆದ್ದಾರಿಯಲ್ಲಿ ಓಡುವ ಲಾರಿ. ಎರಡನೆಯ ಪುಟದಲ್ಲಿ ಹೊಳೆ ದಾಟುವ ದೋಣಿ. ಮೂರನೆಯದರಲ್ಲಿ ಫಿರಂಗಿ ಹೊತ್ತ ಟ್ಯಾಂಕು. ನಾಲ್ಕನೆಯದರಲ್ಲಿ ಎರಡು ಕಾಲುಗಳ ಮೇಲೆ ಎದ್ದುನಿಂತು ಕೈಚಾಚಿದ ಉಕ್ಕಿನ ರಾಕ್ಷಸ. ಸಿನಿಮಾಗಳಲ್ಲಿಯೂ ಆಟಿಕೆಯ ಅಂಗಡಿಗಳಲ್ಲಿಯೂ ಇಂತಹವುಗಳನ್ನು ವಾಚಕರು ಕಂಡಿರಬಹುದು. ಜಪಾನಿನ ಟಕಾರ ಕಂಪೆನಿಯ ಗೊಂಬೆಗಳನ್ನು ಅಮೆರಿಕದ ಹ್ಯಾಸ್‌ಬ್ರೊ ಕಂಪೆನಿಯು 1984ರಲ್ಲಿ ಟ್ರಾನ್ಸ್‌ಫಾರ್ಮರ್ಸ್ ಎಂಬ ಹೆಸರಿನಿಂದ ಮಾರತೊಡಗಿದಂದಿನಿಂದ ಲೋಕದ ಮಕ್ಕಳೆಲ್ಲರಿಗೂ ಈ ಹುಚ್ಚು ಹತ್ತಿದೆ.

ಹುಡುಗನು ತಲೆ ತಗ್ಗಿಸಿಕೊಂಡೇ ಕೇಳಿದನು: "ಮಾಮ, ಇಂಥಾ ಗಾಡಿ ನಿಜವಾಗಿ ಮಾಡಲಿಕ್ಕೆ ಆಗ್ತದಾ? ಐ.ಟಿ.ಐ. ಓದಿದರೆ ಆವಡಿಯಲ್ಲಿ ತೆಗೆದುಕೊಳ್ತಾರಾ?"

ತಂದೆಯ ದೂರು ಬೇರೆಯೇ ಇತ್ತು. "ಆವಡಿಯಲ್ಲಿ ಮಾಡುವುದು ಕೊಲ್ಲುವ ಗಾಡಿ. ನಾವು ಹೊಟ್ಟೆಗೆ ಹಾಕುವ ಜನ" ಎಂದರು ಅವರು.

ಎರಡು ಪ್ರಶ್ನೆಗಳಿಗೂ ಒಂದೇ ಮಾತಿನಲ್ಲಿ ಉತ್ತರಿಸುವ ಶಕ್ತಿ ನಮಗಿರಲಿಲ್ಲ. ನಾವು ಎಸ್.ಎಸ್.ಎಲ್.ಸಿ. ಓದಿ ಹೋಟೆಲು ನಡೆಸಿ, ಆಮೇಲೆ ಪತ್ರಿಕೆಗೆ ಕೈಹಾಕಿದವರು; ಇಂಜಿನಿಯರರೂ ಅಲ್ಲ, ಸೈನಿಕರೂ ಅಲ್ಲ. ಆದರೂ ತಿಳಿದಷ್ಟನ್ನು ವಾಚಕರ ಮುಂದಿಡುವುದು ಪತ್ರಿಕೆಯವರ ಧರ್ಮವಾದ್ದರಿಂದ ಈ ಲೇಖನ.

ಕಾಲಿನ ಲೆಕ್ಕ

ಮೊದಲು ಹುಡುಗನ ನಾಲ್ಕನೆಯ ಪುಟವನ್ನು ತೆಗೆದುಕೊಳ್ಳೋಣ. ಯುದ್ಧದ ಗಾಡಿಗೆ ಕಾಲುಗಳನ್ನೇಕೆ ಇಡಲಿಲ್ಲ?

ಆವಡಿಯಲ್ಲಿ ತಯಾರಾದ ಅರ್ಜುನ್ ಟ್ಯಾಂಕಿನ ಮೊದಲ ಮಾದರಿಯ ತೂಕ 58.5 ಟನ್. ಇಷ್ಟು ಭಾರವನ್ನು ಎರಡು ಅಗಲವಾದ ಉಕ್ಕಿನ ಪಟ್ಟಿಗಳ ಮೇಲೆ ಹರಡಿರುವುದರಿಂದ ಒಂದು ಚದರ ಸೆಂಟಿಮೀಟರು ನೆಲದ ಮೇಲೆ ಬೀಳುವ ಒತ್ತಡವು 0.84 ಕಿಲೋಗ್ರಾಮು ಮಾತ್ರ. ಅಕ್ಕಿಮೂಟೆ ಹೊತ್ತ ಕೂಲಿಯಾಳು ನಡೆಯುವಾಗ ಒಂಟಿ ಕಾಲಿನ ಮೇಲೆ ಬೀಳುವ ಒತ್ತಡವೂ ಹೆಚ್ಚು ಕಡಿಮೆ ಇಷ್ಟೇ. ಅದೇ ಗಾಡಿಯನ್ನು ಎರಡು ಕಾಲುಗಳ ಮೇಲೆ ನಿಲ್ಲಿಸಿದೆವೆನ್ನಿ. ಒಂದೊಂದು ಪಾದವೂ ಒಂದು ಮೀಟರು ಉದ್ದ, ಅರ್ಧ ಮೀಟರು ಅಗಲವಿದ್ದರೂ ಒತ್ತಡವು ಸುಮಾರು ಏಳು ಪಾಲು ಹೆಚ್ಚುತ್ತದೆ. ನಡೆಯಲೆಂದು ಒಂದು ಕಾಲನ್ನೆತ್ತಿದರೆ ಹದಿನಾಲ್ಕು ಪಾಲು. ತಂಜಾವೂರಿನ ಗದ್ದೆಯಿರಲಿ, ನಮ್ಮೂರ ಬಯಲಿರಲಿ, ಮೊಣಕಾಲಿನವರೆಗೆ ಹೂತುಹೋಗುವುದು ಖಂಡಿತ.

ಎರಡನೆಯದು ಎತ್ತರ. ರಣರಂಗದಲ್ಲಿ ಕಂಡವನೇ ಕೆಟ್ಟನು. ಆವಡಿಯಲ್ಲಿ 2009ರಿಂದ ತಯಾರಾಗುತ್ತಿರುವ ರಷ್ಯಾ ವಿನ್ಯಾಸದ ಟಿ-90 ಭೀಷ್ಮ ಟ್ಯಾಂಕಿನ ಎತ್ತರವು ಸುಮಾರು 2.2 ಮೀಟರು. ಅದನ್ನು ಇಷ್ಟು ಕುಳ್ಳಾಗಿಸಲೆಂದೇ ಗುಂಡು ತುಂಬುವ ಆಳನ್ನು ತೆಗೆದು ಆ ಕೆಲಸವನ್ನು ಯಂತ್ರಕ್ಕೆ ವಹಿಸಿದ್ದಾರೆ, ಒಳಗಿರುವವರು ಮೂವರೇ. ಒಂದೊಂದು ಅಂಗುಲ ಎತ್ತರವನ್ನು ಉಳಿಸಲು ಇಷ್ಟು ಹೆಣಗುವಾಗ, ಮೂರು ಮಹಡಿಯಷ್ಟು ಎದ್ದುನಿಲ್ಲುವ ಗಾಡಿಯನ್ನು ಯಾವ ಸೇನಾಪತಿಯು ಒಪ್ಪಿಯಾನು?

ಮೂರನೆಯದು ಕೀಲು. ಮಡಚುವ ಜಾಗದಲ್ಲಿ ದಪ್ಪ ಉಕ್ಕನ್ನು ಹೊದಿಸಲಾಗದು. ಎಷ್ಟು ಕೀಲುಗಳೋ ಅಷ್ಟು ಮರ್ಮಸ್ಥಾನಗಳು.

ಟ್ಯಾಂಕು ಎಂಬುದು ಮೂರು ಗುಣಗಳ ತಕ್ಕಡಿಯಾಗಿರುತ್ತದೆ: ಹೊಡೆಯುವ ಬಲ, ಓಡುವ ಬಲ, ಪೆಟ್ಟು ತಡೆಯುವ ಬಲ. ಒಂದನ್ನು ಹೆಚ್ಚಿಸಿದರೆ ಉಳಿದೆರಡರಲ್ಲಿ ಒಂದು ಕಡಿಮೆಯಾಗಲೇಬೇಕು. ತಿಂಡಿಯು ರುಚಿಯಾಗಿರಬೇಕು, ಬೇಗ ಬರಬೇಕು, ಬೆಲೆ ಕಡಿಮೆಯಿರಬೇಕು ಎಂದು ಗಿರಾಕಿಗಳು ಕೇಳುವಾಗ ಮೂರನ್ನೂ ಒಟ್ಟಿಗೆ ಪೂರೈಸುವುದು ಎಂತಹ ಕಷ್ಟವೆಂಬುದನ್ನು ನಮ್ಮ ವಾಚಕರಿಗೆ ಹೇಳಬೇಕಾಗಿಲ್ಲ. ರೂಪ ಬದಲಿಸುವ ಗಾಡಿಯು ಇವಕ್ಕೆ ನಾಲ್ಕನೆಯ ಬೇಡಿಕೆಯೊಂದನ್ನು ಸೇರಿಸುತ್ತದೆ.

ಹಾಗಾದರೆ ಹುಡುಗನ ಕನಸೆಲ್ಲವೂ ಸುಳ್ಳೇ? ಅಲ್ಲ. ಉಳಿದ ಮೂರು ಪುಟಗಳೂ ನಡೆದ ಸಂಗತಿಗಳೇ ಆಗಿವೆ.

ಜೋಜಿ ಲಾದ ವೇಷ

ಮೊದಲನೆಯ ಟ್ಯಾಂಕೇ ವೇಷಧಾರಿಯಾಗಿ ಹುಟ್ಟಿದ್ದು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣಭೂಮಿಯಲ್ಲಿ ಬ್ರಿಟಿಷರು ಅದನ್ನು ಇಳಿಸುವವರೆಗೂ ಗುಟ್ಟು ಹೊರಬೀಳಬಾರದೆಂದು ಇವು ನೀರಿನ ತೊಟ್ಟಿಗಳೆಂದು ಸುದ್ದಿ ಹಬ್ಬಿಸಿದ್ದರು. ಟ್ಯಾಂಕು ಎಂಬ ಹೆಸರು ಹೀಗೆಯೇ ಅಂಟಿಕೊಂಡಿತು.

ನಮ್ಮ ಸೇನೆಯೂ ಒಮ್ಮೆ ಇಂತಹ ಉಪಾಯವನ್ನು ಹೂಡಿತು. ಅದರ ಹಿಂದಿದ್ದ ತಲೆ ಕೊಡಗಿನದು. 1948ರಲ್ಲಿ ಶ್ರೀನಗರದಿಂದ ಲಡಾಖಿಗೆ ಹೋಗುವ ಜೋಜಿ ಲಾ ಕಣಿವೆಯು ಆಕ್ರಮಣಕಾರರ ವಶವಾಗಿ ಲೇಹ್ ಪಟ್ಟಣದ ನೆಲದ ದಾರಿಯು ಕಡಿದುಹೋಯಿತು. ಸೆಪ್ಟೆಂಬರಿನಲ್ಲಿ ಕಾಲಾಳುಗಳ ಪ್ರಯತ್ನ ಫಲಿಸಲಿಲ್ಲ. ಚಳಿಗಾಲ ಬಂದರೆ ದಾರಿ ಪೂರಾ ಮುಚ್ಚಿಹೋಗುವ ಭಯವಿತ್ತು. ಆಗ ಅಲ್ಲಿನ ಡಿವಿಜನ್ನಿನ ಮುಖಂಡರಾಗಿದ್ದವರು ಮಡಿಕೇರಿಯಲ್ಲಿ ಹುಟ್ಟಿದ ಮೇಜರ್ ಜನರಲ್ ಕೆ. ಎಸ್. ತಿಮ್ಮಯ್ಯನವರು. ಸುಮಾರು 11,500 ಅಡಿ ಎತ್ತರದ ಆ ಕಣಿವೆಗೆ ಟ್ಯಾಂಕುಗಳನ್ನು ಹತ್ತಿಸುವುದೆಂದು ಅವರು ನಿಶ್ಚಯಿಸಿದರು.

7ನೆಯ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಜಮ್ಮುವಿನ ಕಡೆಯಿಂದ ತಂದರು. ಈ ದಳವು ಹಳೆಯ ಮದ್ರಾಸ್ ಕುದುರೆ ಸೈನ್ಯದ ವಂಶದ್ದು ಎಂಬುದು ನಮ್ಮೂರಿನವರಿಗೆ ಸಂತೋಷದ ವಿಷಯ. ದಾರಿಯ ಸೇತುವೆಗಳು ಭಾರ ತಡೆಯುತ್ತಿರಲಿಲ್ಲ, ಗುಟ್ಟೂ ಹೊರಬೀಳುವಂತಿರಲಿಲ್ಲ. ಆದುದರಿಂದ ಟ್ಯಾಂಕುಗಳ ತಿರುಗುವ ಬುರುಜುಗಳನ್ನು ಬಿಚ್ಚಿ ಬೇರ್ಪಡಿಸಿ, ಸೇತುವೆಗಳ ಮೇಲೆ ಹಗ್ಗದ ಯಂತ್ರಗಳಿಂದ ಎಳೆದು ದಾಟಿಸಿ, ಮುಂದೆ ಹೋದಮೇಲೆ ಮರಳಿ ಜೋಡಿಸಿದರು. ಇತ್ತ ಹೇಸರಗತ್ತೆಗಳ ಕಾಲುದಾರಿಯನ್ನು ಗಾಡಿಯ ದಾರಿಯಾಗಿ ಅಗೆದು ಕೊಟ್ಟವರು ಮದ್ರಾಸ್ ಸ್ಯಾಪರ್ಸ್. ಬೆಂಗಳೂರಿನಲ್ಲಿ ಕೇಂದ್ರ ಠಾಣೆಯುಳ್ಳ ದಳವದು. 1948ರ ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಕಣಿವೆಗೆ ನುಗ್ಗಿದವು. ತಿಮ್ಮಯ್ಯನವರು ಸ್ವತಃ ಮುಂಚೂಣಿಯಲ್ಲಿದ್ದರು. ಅಷ್ಟೆತ್ತರದಲ್ಲಿ ಟ್ಯಾಂಕು ಬರಬಹುದೆಂದು ಎಣಿಸದಿದ್ದ ವೈರಿಗಳು ಹಿಮ್ಮೆಟ್ಟಿದರು. ಅದೇ ತಿಂಗಳಿನಲ್ಲಿ ದ್ರಾಸ್ ಮತ್ತು ಕಾರ್ಗಿಲ್ ಕೈಸೇರಿ ಲೇಹ್‌ನ ದಾರಿ ತೆರೆಯಿತು.

ಇಲ್ಲಿ ಗಮನಿಸತಕ್ಕ ಅಂಶವೊಂದಿದೆ. ಗಾಡಿಯು ತನ್ನ ರೂಪವನ್ನು ತಾನಾಗಿ ಬದಲಿಸಲಿಲ್ಲ. ಸ್ಪ್ಯಾನರು ಹಿಡಿದ ಮಿಸ್ತ್ರಿಗಳು ಬದಲಿಸಿದರು. ಅದೂ ಗುಂಡು ಹಾರದ ಜಾಗದಲ್ಲಿ.

ನೀರಿಗಿಳಿದ ಉಕ್ಕು

ಇನ್ನು ಎರಡನೆಯ ಪುಟದ ದೋಣಿ. ಎರಡನೆಯ ಮಹಾಯುದ್ಧದಲ್ಲಿ ನಿಕೊಲಾಸ್ ಸ್ಟ್ರಾಸ್ಲರ್ ಎಂಬ ಹಂಗೆರಿ ಮೂಲದ ಇಂಜಿನಿಯರನು ಟ್ಯಾಂಕಿನ ಸುತ್ತಲೂ ಕ್ಯಾನ್ವಾಸ್ ಬಟ್ಟೆಯ ಗೋಡೆಯನ್ನು ಎಬ್ಬಿಸಿ, ಹಿಂದೆ ಎರಡು ಚಕ್ರದೆಲೆಗಳನ್ನು ಜೋಡಿಸಿ, ಮೂವತ್ತು ಟನ್ನಿನಷ್ಟು ಭಾರದ ಷೆರ್ಮನ್ ಟ್ಯಾಂಕನ್ನು ತೇಲಿಸಿದನು. ದಡ ಮುಟ್ಟಿದೊಡನೆ ಬಟ್ಟೆಯನ್ನು ಬೀಳಿಸಿದರೆ ಅದು ಪುನಃ ಟ್ಯಾಂಕು. ಉಪಾಯವೇನೋ ಸೊಗಸು. ಆದರೆ 1944ರ ಜೂನ್ 6ರಂದು ನಾರ್ಮಂಡಿಯ ಒಮಾಹ ಎಂಬ ತೀರದ ಮುಂದೆ ಅಮೆರಿಕದ ದಳವೊಂದು ದಡದಿಂದ ಸುಮಾರು ಮೂರು ಮೈಲಿ ದೂರದಲ್ಲಿ, ಎದ್ದ ಅಲೆಗಳ ನಡುವೆ ಇಂತಹ 29 ಟ್ಯಾಂಕುಗಳನ್ನು ನೀರಿಗೆ ಬಿಟ್ಟಿತು. ಅವುಗಳಲ್ಲಿ 27 ಮುಳುಗಿದವು. ಅದೇ ದಿನ ಬೇರೆ ತೀರಗಳಲ್ಲಿ ದಡದ ಹತ್ತಿರ ಬಿಟ್ಟವುಗಳಲ್ಲಿ ಹೆಚ್ಚಿನವು ದಡ ಸೇರಿದವು. ಯಂತ್ರ ಒಂದೇ, ಬಟ್ಟೆ ಒಂದೇ. ಎಲ್ಲಿ, ಯಾವಾಗ ವೇಷ ಹಾಕಬೇಕೆಂಬ ತೀರ್ಮಾನ ಮಾತ್ರ ಬೇರೆ. ಆ ತೀರ್ಮಾನದ ಬೆಲೆಯನ್ನು ತೆತ್ತವರು ಒಳಗೆ ಕುಳಿತಿದ್ದವರು.

ನಮ್ಮ ಸೇನೆಯಲ್ಲಿ ಈ ಕೆಲಸ ಮಾಡಿದ್ದು ರಷ್ಯಾದ ಪಿಟಿ-76. ಸುಮಾರು 14 ಟನ್ನಿನ ಹಗುರವಾದ ಟ್ಯಾಂಕು. ನೀರಿಗಿಳಿಯುವ ಮೊದಲು ಮುಂಭಾಗದ ಹಲಗೆಯನ್ನು ಎತ್ತಿ, ಒಳನೀರು ಹೊರಹಾಕುವ ಪಂಪನ್ನು ಚಾಲೂ ಮಾಡಿದರೆ ಸಾಕು. ಹಿಂದಿನ ಎರಡು ಕೊಳವೆಗಳಿಂದ ನೀರನ್ನು ರಭಸವಾಗಿ ಚಿಮ್ಮಿಸುತ್ತಾ ಗಂಟೆಗೆ ಹತ್ತು ಕಿಲೋಮೀಟರಿನಂತೆ ಈಜುತ್ತದೆ. ಸಿಪಾಯಿಗಳು ಇದಕ್ಕೆ ಇಟ್ಟ ಅಡ್ಡಹೆಸರು 'ಪಿಪ್ಪಾ'. ತುಪ್ಪದ ಖಾಲಿ ಡಬ್ಬಿಯು ನೀರಿನಲ್ಲಿ ತೇಲುವಂತೆ ತೇಲುತ್ತದೆಂಬ ಅರ್ಥದಲ್ಲಿ. ಸ್ಟೋರ್ ರೂಮಿನಲ್ಲಿ ದಿನವೂ ತುಪ್ಪದ ಡಬ್ಬಿ ಎತ್ತಿಡುವ ನಮ್ಮ ವಾಚಕರಿಗೆ ಈ ಹೆಸರು ರುಚಿಸೀತು. 2023ರಲ್ಲಿ ಇದೇ ಹೆಸರಿನ ಹಿಂದಿ ಚಲಚ್ಚಿತ್ರವೊಂದೂ ಬಂದಿತು.

1971ರ ಬಾಂಗ್ಲಾದೇಶದ ಯುದ್ಧದಲ್ಲಿ ಈ ತುಪ್ಪದ ಡಬ್ಬಿಗಳು ದೊಡ್ಡ ಕೆಲಸವನ್ನೇ ಮಾಡಿದವು. ನವೆಂಬರ್ 21ರಂದು ಗರೀಬ್‌ಪುರದಲ್ಲಿ 45ನೆಯ ಕ್ಯಾವಲ್ರಿಯ 14 ಪಿಟಿ-76ಗಳು ಪಾಕಿಸ್ತಾನದ ಚಾಫಿ ಟ್ಯಾಂಕುಗಳನ್ನು ಎದುರಿಸಿ ಸೋಲಿಸಿದವು. ಅವುಗಳ ನಾಯಕ ಮೇಜರ್ ದಲ್‌ಜಿತ್ ಸಿಂಗ್ ನಾರಗ್ ಆ ಕದನದಲ್ಲಿಯೇ ಮಡಿದರು. ಡಿಸೆಂಬರಿನಲ್ಲಿ ಮೇಘನಾ ನದಿಯ ಸೇತುವೆಯನ್ನು ವೈರಿಗಳು ಕೆಡವಿದಾಗ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗರು ಕಾಲಾಳುಗಳನ್ನು ಹೆಲಿಕಾಪ್ಟರುಗಳಲ್ಲಿ ದಾಟಿಸಿದರು, ಟ್ಯಾಂಕುಗಳು ಈಜಿದವು. ಆದರೆ ಮೇಘನಾ ಎಂಬುದು ಹೊಳೆಯಲ್ಲ, ಸಮುದ್ರದಂತಹ ನದಿ. ಅರ್ಧ ಗಂಟೆ ಈಜುವಷ್ಟರಲ್ಲಿ ಎಂಜಿನುಗಳು ಕಾದುಹೋಗಿ, ನಾಡದೋಣಿಗಳಿಂದ ಎಳೆಸಿ ದಡ ಮುಟ್ಟಿಸಬೇಕಾಯಿತು.

ಈಜುವ ಗುಣಕ್ಕೆ ತೆತ್ತ ಬೆಲೆಯೇನು? ಪಿಟಿ-76ರ ಕವಚವು ಅತಿ ದಪ್ಪವಿರುವಲ್ಲಿಯೂ ಎರಡು ಸೆಂಟಿಮೀಟರಿನ ಆಸುಪಾಸು. ತೇಲಬೇಕಾದರೆ ತೆಳ್ಳಗಿರಬೇಕು, ತೆಳ್ಳಗಿದ್ದರೆ ಗುಂಡು ತೂರುತ್ತದೆ.

ವಿಜಯಂತದ ಸಂತಾನ

ಈಗ ನಮ್ಮ ನೆರೆಯ ಆವಡಿಗೆ ಬರೋಣ. ಸೆಂಟ್ರಲ್ಲಿನ ಮೂರ್ ಮಾರ್ಕೆಟ್ ಕಟ್ಟಡದಿಂದ ಲೋಕಲ್ ರೈಲು ಹತ್ತಿ ಪೆರಂಬೂರು, ವಿಲ್ಲಿವಾಕ್ಕಂ, ಅಂಬತ್ತೂರು ದಾಟಿದರೆ ಆವಡಿ. 1955ರ ಜನವರಿಯಲ್ಲಿ ಯು. ಎನ್. ಢೇಬರರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಮಹಾಸಭೆ ಕೂಡಿ, ಸಮಾಜವಾದೀ ಮಾದರಿಯ ಸಮಾಜವೆಂಬ ನಿರ್ಣಯ ಮಾಡಿದ ಸ್ಥಳವಿದು. 1961ರಲ್ಲಿ ಇಲ್ಲಿಯೇ ಹೆವಿ ವೆಹಿಕಲ್ಸ್ ಫ್ಯಾಕ್ಟರಿ ಸ್ಥಾಪನೆಯಾಯಿತು. ಅದೇ ವರ್ಷ ಬ್ರಿಟನ್ನಿನ ವಿಕರ್ಸ್ ಕಂಪೆನಿಯೊಡನೆ ಒಪ್ಪಂದವಾಗಿ, 1960ರ ದಶಕದ ನಡುವಿನಿಂದ ವಿಜಯಂತ ಟ್ಯಾಂಕುಗಳು ಹೊರಬರತೊಡಗಿದವು. ಸುಮಾರು 39 ಟನ್ ತೂಕ, ನಾಲ್ವರು ಸಿಬ್ಬಂದಿ, 105 ಮಿಲಿಮೀಟರಿನ ಫಿರಂಗಿ. 1971ರ ಯುದ್ಧದಲ್ಲಿ ಪಶ್ಚಿಮ ಗಡಿಯಲ್ಲಿ ಇವು ಹೋರಾಡಿದವು.

ವಿಜಯಂತದ ಎಂಜಿನಿನ ಕಥೆ ನಮಗೆಲ್ಲರಿಗೂ ಪಾಠ. ಲೇಲೆಂಡ್ ಎಲ್-60 ಎಂಬ ಆ ಎಂಜಿನಿಗೆ ಆರು ಸಿಲಿಂಡರು, ಹನ್ನೆರಡು ಪಿಸ್ಟನು. ಒಂದೊಂದು ಸಿಲಿಂಡರಿನಲ್ಲಿಯೂ ಎರಡೆರಡು ಪಿಸ್ಟನುಗಳು ಎದುರುಬದುರಾಗಿ ಓಡುತ್ತವೆ. ಯುದ್ಧಕಾಲದಲ್ಲಿ ಯಾವ ಎಣ್ಣೆ ಸಿಕ್ಕರೂ ಉರಿಸುವಂತಿರಬೇಕು, ಡೀಸೆಲಾಗಲಿ ಪೆಟ್ರೋಲಾಗಲಿ ಸೀಮೆಎಣ್ಣೆಯಾಗಲಿ, ಎಂಬ ಆಸೆಯಿಂದ ಅದನ್ನು ರಚಿಸಿದ್ದರು. ಎಲ್ಲವನ್ನೂ ಉರಿಸಬೇಕೆಂದು ಹೊರಟ ಎಂಜಿನು ಬ್ರಿಟಿಷರ ಚೀಫ್ಟನ್ ಟ್ಯಾಂಕಿನಲ್ಲಿಯೂ ನಮ್ಮ ವಿಜಯಂತದಲ್ಲಿಯೂ ಮಿಸ್ತ್ರಿಗಳಿಗೆ ತಲೆನೋವೇ ಆಯಿತು.

ನಮಗೂ ಇಂತಹುದೇ ಅನುಭವವಾಗಿದೆ. ಹೋಟೆಲು ನಡೆಸುತ್ತಿದ್ದಾಗ ಹಿಟ್ಟು ರುಬ್ಬುವ, ತೆಂಗಿನಕಾಯಿ ತುರಿಯುವ, ಮೈದಾ ನಾದುವ ಮೂರು ಕೆಲಸಗಳನ್ನೂ ಮಾಡುವ ಒಂದೇ ಯಂತ್ರವನ್ನು ಸಾಲ ಮಾಡಿ ತಂದೆವು. ಎರಡು ರುಬ್ಬುವ ಕಲ್ಲುಗಳನ್ನು ಮಾರಿಬಿಟ್ಟೆವು. ಒಂದು ಕೆಲಸದಿಂದ ಇನ್ನೊಂದಕ್ಕೆ ಬದಲಿಸಲು ನಟ್ಟು ಬೋಲ್ಟು ಬಿಚ್ಚಿ ತೊಳೆದು ಜೋಡಿಸಬೇಕು, ಇಪ್ಪತ್ತು ನಿಮಿಷ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಗಿರಾಕಿಯು ಇಪ್ಪತ್ತು ನಿಮಿಷ ನಿಲ್ಲುತ್ತಾನೆಯೇ? ಒಂದು ಹಬ್ಬದ ದಿನ ಬೆಲ್ಟು ಹರಿದು ಮೂರು ಕೆಲಸಗಳೂ ಒಟ್ಟಿಗೆ ನಿಂತವು. ಅಂದು ಚಟ್ನಿಯಿಲ್ಲದ ಇಡ್ಲಿಯನ್ನು ಬಡಿಸಿದ ನಮ್ಮ ಮಾಣಿಗಳು ಕೇಳಿದ ಬೈಗುಳು ನಮಗೆ ಇನ್ನೂ ನೆನಪಿದೆ. ತಪ್ಪು ಯಂತ್ರ ಮಾಡಿದವರದಕ್ಕಿಂತ ಹೆಚ್ಚಾಗಿ ಕಲ್ಲು ಮಾರಿದ ನಮ್ಮದು. ಆ ದಿನ ಕಾವಲಿಯ ಮುಂದಿದ್ದವರು ಇದೇ ಭಟ್ಟರು; ಕೈಯಿಂದಲೇ ಕಾಯಿ ತುರಿದು ಮಾನ ಉಳಿಸಿದವರು.

ಆವಡಿಯವರು ಹಿಡಿದ ದಾರಿ ಬೇರೆ. ರಣರಂಗದಲ್ಲಿ ರೂಪ ಬದಲಿಸುವ ಒಂದು ಗಾಡಿಯನ್ನು ಮಾಡದೆ, ಕಾರ್ಖಾನೆಯಲ್ಲಿಯೇ ಒಂದು ಒಡಲಿಗೆ ಬೇರೆ ಬೇರೆ ರೂಪಗಳನ್ನು ಕೊಟ್ಟರು. ವಿಜಯಂತದ ಒಡಲನ್ನು ಉದ್ದಮಾಡಿ, ಬದಿಗೆ ಆರು ಚಕ್ರಗಳಿದ್ದಲ್ಲಿ ಏಳನ್ನು ಮಾಡಿ, ಬುರುಜು ತೆಗೆದು, ಅದರ ಜಾಗದಲ್ಲಿ ರಷ್ಯಾದ 130 ಮಿಲಿಮೀಟರಿನ ದೂರಗಾಮಿ ಫಿರಂಗಿಯನ್ನು ಕೂರಿಸಿದರು. ಇದು 'ಕ್ಯಾಟಪಲ್ಟ್'. ಇಪ್ಪತ್ತೈದು ಕಿಲೋಮೀಟರಿಗೂ ಮೀರಿ ಗುಂಡೆಸೆಯುವ ಈ ಫಿರಂಗಿಯನ್ನು ಹಿಂದೆ ಲಾರಿಗಳು ಎಳೆಯಬೇಕಾಗಿತ್ತು. ಈಗ ಅದು ತಾನೇ ಓಡಿ, ಹೊಡೆದು, ವೈರಿಯ ಮಾರುತ್ತರ ಬರುವ ಮೊದಲು ಜಾಗ ಬದಲಿಸುವಂತಾಯಿತು.

ಅದೇ ಒಡಲಿನ ಮೇಲೆ ಮಡಚಿದ ಸೇತುವೆಯನ್ನು ಹೇರಿದರು, ಅದು 'ಕಾರ್ತಿಕ್'. ಕಾಲುವೆಯ ಅಂಚಿಗೆ ಬಂದು ನಿಂತು, ಒಳಗಿನವರು ಹೊರಗಿಳಿಯದೆಯೇ, ಕೆಲವೇ ನಿಮಿಷಗಳಲ್ಲಿ ಸುಮಾರು ಇಪ್ಪತ್ತು ಮೀಟರಿನ ಸೇತುವೆಯನ್ನು ಎದುರುದಡಕ್ಕೆ ಚಾಚುತ್ತದೆ. ಹಿಂದಿನ ಟ್ಯಾಂಕುಗಳು ದಾಟಿದಮೇಲೆ ತಾನೂ ದಾಟಿ, ಆಚೆಯಿಂದ ಸೇತುವೆಯನ್ನು ಮಡಚಿ ಹೊತ್ತು ಮುಂದೆ ಸಾಗುತ್ತದೆ. ವಿಜಯಂತದ ತರುವಾಯ ಟಿ-72ರ ಒಡಲಿನ ಮೇಲೆಯೂ ಇಂತಹುದನ್ನೇ ಮಾಡಿದರು. ವಿಜಯಂತ ಟ್ಯಾಂಕು ಇಂದು ಸೇನೆಯ ಸೇವೆಯಲ್ಲಿಲ್ಲ. ಆದರೆ ಅದು ಕಲಿಸಿದ ವಿದ್ಯೆ ಉಳಿದಿದೆ.

ಈ ವಿದ್ಯೆಯ ಹಿರಿಯ ಗುರುಗಳಲ್ಲಿ ಒಬ್ಬನು ಬ್ರಿಟನ್ನಿನ ಪರ್ಸಿ ಹೋಬಾರ್ಟ್. ಸೇನೆಯಿಂದ ನಿವೃತ್ತಿಗೊಳಿಸಲ್ಪಟ್ಟು ತನ್ನೂರಿನ ಗೃಹರಕ್ಷಕ ದಳದಲ್ಲಿ ಬರಿಯ ಕಾರ್ಪೊರಲ್ ಆಗಿದ್ದವನನ್ನು ಪ್ರಧಾನಿ ಚರ್ಚಿಲ್ ಮರಳಿ ಕರೆಸಿದನು. ಅವನ 79ನೆಯ ಡಿವಿಜನ್ನಿನಲ್ಲಿ ಸರಪಳಿ ಬೀಸಿ ನೆಲಬಾಂಬುಗಳನ್ನು ಸಿಡಿಸುವ ಟ್ಯಾಂಕು, ಸೇತುವೆ ಹೊರುವ ಟ್ಯಾಂಕು, ಬೆಂಕಿ ಕಾರುವ ಟ್ಯಾಂಕು ಎಲ್ಲವೂ ಇದ್ದವು. ಇತರರು ಇವನ್ನು ಹೋಬಾರ್ಟನ ವಿನೋದಗಳೆಂದು ನಗುತ್ತಿದ್ದರು. ನಾರ್ಮಂಡಿಯ ನಂತರ ನಗು ನಿಂತಿತು.

ಉಗ್ರಾಣದವನ ಜೀಪು

ರೂಪ ಬದಲಿಸಿದ ಗಾಡಿಗಳಲ್ಲಿ ಅತಿ ಸಣ್ಣದರ ಮಾತನ್ನೂ ಹೇಳಲೇಬೇಕು. 1965ರ ಸೆಪ್ಟೆಂಬರಿನಲ್ಲಿ ಪಂಜಾಬಿನ ಅಸಲ್ ಉತ್ತಾಡಿನಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ನುಗ್ಗಿ ಬಂದಾಗ ಅವನ್ನು ಎದುರಿಸಿದವರಲ್ಲಿ ಅಬ್ದುಲ್ ಹಮೀದ್ ಒಬ್ಬರು. ಅವರ ಹುದ್ದೆ ಕಂಪೆನಿ ಕ್ವಾರ್ಟರ್ ಮಾಸ್ಟರ್ ಹವಿಲ್ದಾರ್. ಎಂದರೆ ತಮ್ಮ ಕಂಪೆನಿಯ ಉಗ್ರಾಣವನ್ನು ನೋಡಿಕೊಳ್ಳುವವರು. ದರ್ಜಿಯ ಮಗ. ಸಾಧಾರಣ ಜೀಪಿನ ಮೇಲೆ 106 ಮಿಲಿಮೀಟರಿನ ಹಿಮ್ಮೊಗೆತವಿಲ್ಲದ ಫಿರಂಗಿಯನ್ನು ಕಟ್ಟಿಕೊಂಡು, ಕಬ್ಬಿನ ಗದ್ದೆಗಳ ಮರೆಯಲ್ಲಿ ಜಾಗ ಬದಲಿಸುತ್ತಾ, ಹಲವು ಪ್ಯಾಟನ್ನುಗಳನ್ನು ಹೊಡೆದರು. ಸೆಪ್ಟೆಂಬರ್ 10ರಂದು ಗುಂಡಿಗೆ ಬಲಿಯಾದರು. ಮರಣಾನಂತರ ಪರಮವೀರ ಚಕ್ರ ಅವರಿಗೆ ಸಂದಿತು. ಕಾಲುವೆ ಒಡೆದು ನೀರು ಹಾಯಿಸಿದ್ದ ಆ ಗದ್ದೆಗಳಲ್ಲಿ ಭಾರಿ ಟ್ಯಾಂಕುಗಳು ಹೂತು ನಿಂತಿದ್ದವು. ಹಗುರವಾದ ಜೀಪು ಗೆದ್ದಿತು. ಆದರೆ ಆ ಜೀಪಿಗೆ ಕವಚವೇ ಇರಲಿಲ್ಲ. ತಕ್ಕಡಿಯ ಮೂರನೆಯ ತಟ್ಟೆಯಲ್ಲಿ ಅವರು ತಮ್ಮ ಪ್ರಾಣವನ್ನಿಟ್ಟಿದ್ದರು.

ಭಟ್ಟರ ಪ್ರಶ್ನೆ

ಇಂದು ಆವಡಿಯ ಕಾರ್ಖಾನೆಯು 2021ರ ಅಕ್ಟೋಬರ್ 1ರಂದು ರಚಿತವಾದ ಆರ್ಮರ್ಡ್ ವೆಹಿಕಲ್ಸ್ ನಿಗಮದ ಅಂಗವಾಗಿದೆ. ನೆರೆಯಲ್ಲಿಯೇ ಟ್ಯಾಂಕುಗಳ ಸಂಶೋಧನಾ ಸಂಸ್ಥೆಯಿದೆ. ಅರ್ಜುನ್ ಟ್ಯಾಂಕಿನ ಹೊಸ ಮಾದರಿ ಮಾರ್ಕ್-1ಎ ಯನ್ನು 2021ರ ಫೆಬ್ರವರಿ 14ರಂದು ಪ್ರಧಾನಮಂತ್ರಿಗಳು ಈ ಚೆನ್ನೈಯಲ್ಲಿಯೇ ಸೇನೆಗೆ ಒಪ್ಪಿಸಿದರು. ಅಂತಹ 118 ಟ್ಯಾಂಕುಗಳಿಗೆ ಅದೇ ವರ್ಷ ಆರ್ಡರು ಸಿಕ್ಕಿತು. ಅದರ ಮೂತಿಗೆ ನೇಗಿಲಿನಂತಹ ಉಪಕರಣವನ್ನು ತೊಡಿಸಿದರೆ ಹುದುಗಿಸಿಟ್ಟ ನೆಲಬಾಂಬುಗಳನ್ನು ಅಗೆದು ಬದಿಗೆ ತಳ್ಳುತ್ತದೆ. 2017ರಲ್ಲಿ ಸಂಶೋಧನಾ ಸಂಸ್ಥೆಯವರು 'ಮಂತ್ರಾ' ಎಂಬ ಆಳಿಲ್ಲದ ಗಾಡಿಯನ್ನು ತೋರಿಸಿದರು. ಒಂದೇ ಬಗೆಯ ಒಡಲು, ಮೂರು ರೂಪ: ಒಂದು ಕಾವಲಿಗೆ, ಒಂದು ನೆಲಬಾಂಬು ಹುಡುಕಲಿಕ್ಕೆ, ಒಂದು ಅಣುವಿಷ ಹರಡಿದ ಜಾಗವನ್ನು ಪರೀಕ್ಷಿಸಲಿಕ್ಕೆ. ನಮ್ಮ ಕೋಲಾರ ಚಿನ್ನದ ಗಣಿಯ ಊರಿನಲ್ಲಿಯೂ, 1964ರಲ್ಲಿ ಆರಂಭವಾದ ಬೆಮೆಲ್ ಕಂಪೆನಿಯ ಕಾರ್ಖಾನೆಯಲ್ಲಿ, ಪೋಲೆಂಡ್ ವಿನ್ಯಾಸದ ಗಾಡಿಯೊಂದು ತಯಾರಾಗುತ್ತಿತ್ತು. ಟ್ಯಾಂಕಿನದೇ ಒಡಲು, ಫಿರಂಗಿಯಿಲ್ಲ. ಕೆಟ್ಟುನಿಂತ ಟ್ಯಾಂಕನ್ನು ಎಳೆದು ತರುವುದೇ ಅದರ ಕೆಲಸ. 2001ರಲ್ಲಿ ಚಿನ್ನದ ಗಣಿ ಮುಚ್ಚಿದ ಮೇಲೆ ಆ ಊರಿಗೆ ಉಳಿದ ಕೆಲವೇ ಆಸರೆಗಳಲ್ಲಿ ಈ ಕಾರ್ಖಾನೆ ಒಂದು.

ಇಷ್ಟೆಲ್ಲ ಹೇಳಿದ ಮೇಲೂ ಭಟ್ಟರ ಪ್ರಶ್ನೆ ಹಾಗೆಯೇ ಇದೆ. ಸೇತುವೆಯ ಗಾಡಿ, ಎಳೆಯುವ ಗಾಡಿ, ನೆಲಬಾಂಬು ತೆಗೆಯುವ ಗಾಡಿ ಎಂದು ಎಷ್ಟು ರೂಪಗಳನ್ನು ಎಣಿಸಿದರೂ ಟ್ಯಾಂಕಿನ ಮೂಲರೂಪ ಕೊಲ್ಲುವುದೇ. ಅದನ್ನು ಮರೆಮಾಚಿ ಬರೆದರೆ ವಾಚಕರಿಗೆ ದ್ರೋಹವಾದೀತು. ಗರೀಬ್‌ಪುರದಲ್ಲಿ ಉರಿದ ಟ್ಯಾಂಕುಗಳ ಒಳಗಿದ್ದವರೂ ತಾಯಂದಿರ ಮಕ್ಕಳೇ. ಊರಿನಲ್ಲಿ ಊಟ ಬಡಿಸಿ ಬೆಳೆದ ಮನೆಯವರಿಗೆ ಈ ಅಳುಕು ಇರಬೇಕಾದದ್ದೇ. ಅಳುಕಿಲ್ಲದವನು ಆ ಕೆಲಸಕ್ಕೆ ಹೋಗುವುದೇ ಹೆಚ್ಚು ಅಪಾಯ.

ಆದರೆ ಇನ್ನೊಂದು ಮಾತೂ ಉಂಟು. ನಾರ್ಮಂಡಿಯ ಅಲೆಗಳಲ್ಲಿ 27 ಟ್ಯಾಂಕುಗಳು ಮುಳುಗಿದಾಗ ಒಳಗಿದ್ದವರ ಪ್ರಾಣವು ಬಟ್ಟೆಯ ಒಂದು ಹೊಲಿಗೆ, ಒಬ್ಬ ಅಧಿಕಾರಿಯ ಒಂದು ತೀರ್ಮಾನದ ಮೇಲೆ ನಿಂತಿತ್ತು. ಆವಡಿಯಲ್ಲಿ ಒಂದು ಬೆಸುಗೆ ಹಾಕುವವನ ಕೈಯ ಮೇಲೆ ಎಲ್ಲೋ ಮರುಭೂಮಿಯಲ್ಲಿ ಕುಳಿತ ಮೂವರ ಅಥವಾ ನಾಲ್ವರ ಜೀವ ನಿಂತಿರುತ್ತದೆ. ಗಡಿಯಿರುವವರೆಗೆ ಅಲ್ಲಿ ಯಾರಾದರೂ ಕುಳಿತೇ ಇರುತ್ತಾರೆ. ಬೆಸುಗೆ ಹಾಕುವವನು ಮನಸ್ಸಿಟ್ಟು ದುಡಿಯುವ ಹುಡುಗನಾಗಿದ್ದರೆ ಅವರಿಗೆ ಒಳ್ಳೆಯದಲ್ಲವೇ?

ಹುಡುಗನಿಗೆ ನಾವು ಹೇಳಿದ್ದಿಷ್ಟು. ಐ.ಟಿ.ಐ.ಯಲ್ಲಿ ಫಿಟ್ಟರ್, ಟರ್ನರ್, ಮೆಷಿನಿಸ್ಟ್, ವೆಲ್ಡರ್ ಮೊದಲಾದ ವಿದ್ಯೆಗಳಿವೆ. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಆವಡಿಯಂತಹ ಕಾರ್ಖಾನೆಗಳು ತರಬೇತಿಗೆ ಹುಡುಗರನ್ನು ತೆಗೆದುಕೊಳ್ಳುತ್ತವೆ. ತರಬೇತಿ ಸಿಕ್ಕಮಾತ್ರಕ್ಕೆ ಕಾಯಂ ಕೆಲಸ ಸಿಕ್ಕಿತೆಂದಲ್ಲ. ಆದರೆ ಫಿಟ್ಟರನ ಕೈ ಒಮ್ಮೆ ಪಳಗಿದರೆ ಅಂಬತ್ತೂರಿನ ಕಾರ್ಖಾನೆಯಲ್ಲಿಯೂ, ಪೆರಂಬೂರಿನ ರೈಲುಡಬ್ಬಿಯ ಕಾರ್ಖಾನೆಯಲ್ಲಿಯೂ ನಡೆಯುತ್ತದೆ; ಒಡಲು ಗಟ್ಟಿಯಾಗಿದ್ದರೆ ರೂಪ ಯಾವುದಾದರೂ ತೊಡಬಹುದು. ಒಂದನ್ನೂ ನೆಟ್ಟಗೆ ಕಲಿಯದೆ ಎಲ್ಲವನ್ನೂ ಮಾಡುತ್ತೇನೆಂದು ಹೊರಟರೆ ಮಾತ್ರ ನಮ್ಮ ಹಳೆಯ ಯಂತ್ರದ ಗತಿಯಾದೀತು.

ಭಟ್ಟರಿಗೆ ಹೇಳಿದ್ದು ಇನ್ನೂ ಕಡಿಮೆ. "ಭಟ್ಟರೇ, ಇಪ್ಪತ್ತೈದು ವರ್ಷ ಬೆಂಕಿಯ ಮುಂದೆ ನಿಂತದ್ದು ಇವನೂ ನಿಲ್ಲಲಿ ಎಂದೋ, ನಿಲ್ಲದಿರಲಿ ಎಂದೋ?" ಎಂದೆವು. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಅರ್ಜಿ ಯಾವಾಗ ಹಾಕಬೇಕಂತೆ?" ಎಂದು ಮಗನನ್ನೇ ಕೇಳಿದರು.

ಮಕ್ಕಳ ನೋಟುಪುಸ್ತಕದಲ್ಲಿ ಇಂತಹ ಗಾಡಿಗಳನ್ನು ಕಂಡ ವಾಚಕರು ಇನ್ನೂ ಅನೇಕರಿರಬಹುದು. ಬೈಯುವ ಮೊದಲು ಒಂದು ಭಾನುವಾರ ಅವರನ್ನು ಕೂರಿಸಿಕೊಂಡು, ಇದರ ತೂಕವೆಷ್ಟು, ಎಣ್ಣೆ ಯಾವುದು, ಕೆಟ್ಟರೆ ಎಳೆಯುವವರಾರು ಎಂದು ಕೇಳಿರಿ. ಉತ್ತರ ಹುಡುಕತೊಡಗಿದ ಹುಡುಗನು ಅರ್ಧ ದಾರಿ ಬಂದಂತೆಯೇ. ರಜೆಯಲ್ಲಿ ಕೊಡಗಿನ ಕಡೆಗೆ ಹೋದವರು ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ 'ಸನ್ನಿ ಸೈಡ್' ಅನ್ನೂ ನೋಡಿ ಬರಲಿ; 2021ರಿಂದ ಅದು ವಸ್ತುಸಂಗ್ರಹಾಲಯವಾಗಿದೆ. ಜೋಜಿ ಲಾದ ಕಥೆಯನ್ನು ಅಲ್ಲಿ ನಿಂತು ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ಚೆನ್ನಾಗಿ ನಾಟುತ್ತದೆ.

ನೋಟುಪುಸ್ತಕವನ್ನು ಹಿಂದಿರುಗಿಸುವಾಗ ನಾಲ್ಕನೆಯ ಪುಟವನ್ನು ಹರಿಯಬೇಡವೆಂದೆವು. ಕಾಲುಗಳಿದ್ದರೂ ಇರಲಿ, ಆದರೆ ಪಾದದ ಪಕ್ಕದಲ್ಲಿ ಒತ್ತಡದ ಲೆಕ್ಕವನ್ನೂ ಬರೆದಿಡು ಎಂದು ಹೇಳಿ ಕಳುಹಿಸಿದೆವು.